ಒಂದು ಲಾರಾವೆಲ್ ಆ್ಯಪ್‌ನಿಂದ ಇನ್ನೊಂದರ ಆರ್ಟಿಸನ್ ಕಮಾಂಡ್ ಓಡಿಸಿದ್ರೆ ಟೇಬಲ್ ತಪ್ಪು ಡೇಟಾಬೇಸ್‌ಗೆ ಹೋಗ್ತಿದೆ

ಅಡ್ಕೆಮೂಟೆ:
ಗುರುಗಳೇ ಒಂದು ಹೆಲ್ಪ್ ಬೇಕಿತ್ತು. ಎರಡು ಲಾರಾವೆಲ್ 11 (ಪಿಎಚ್‌ಪಿ ವೆಬ್ ಫ್ರೇಮ್‌ವರ್ಕ್) ಆ್ಯಪ್ ಇದೆ, ಒಂದು ಅಡ್ಮಿನ್ ಪ್ಯಾನೆಲ್, ಇನ್ನೊಂದು ಅಂಗಡಿ ಬಿಲ್ಲಿಂಗ್‌ದು. ಪ್ರತಿಸಲ ಬಿಲ್ಲಿಂಗ್ ಫೋಲ್ಡರ್‌ಗೆ ಹೋಗಿ ಮೈಗ್ರೇಟ್ (ಡೇಟಾಬೇಸ್‌ನಲ್ಲಿ ಟೇಬಲ್ ಮಾಡೋ ಕಮಾಂಡ್) ಕೊಡೋದು ಬೇಜಾರಾಗಿ ಅಡ್ಮಿನ್‌ನಲ್ಲೇ ಒಂದು ಬಟನ್ ಇಟ್ಟು, ಪ್ರೋಸೆಸ್ ಫಸಾಡ್‌ಗೆ (ಆ್ಯಪ್ ಒಳಗಿಂದ ಬೇರೆ ಕಮಾಂಡ್ ಓಡಿಸೋ ಲಾರಾವೆಲ್ ಸೌಲಭ್ಯ) ಬಿಲ್ಲಿಂಗ್ ಪಾತ್ ಕೊಟ್ಟು 'ಪಿಎಚ್‌ಪಿ ಆರ್ಟಿಸನ್ ಮೈಗ್ರೇಟ್' ಓಡಿಸ್ದೆ. ಎರರ್ ಇಲ್ಲ, ಸಾಲುಸಾಲಾಗಿ ಡನ್ ಅಂತಾನೂ ಬಂತು, ಆಮೇಲೆ ನೋಡಿದ್ರೆ ಬಿಲ್ಲಿಂಗ್ ಟೇಬಲ್ ಎಲ್ಲ ಅಡ್ಮಿನ್ ಡೇಟಾಬೇಸ್‌ನಲ್ಲಿ ಕೂತಿವೆ! ಟರ್ಮಿನಲ್‌ನಲ್ಲಿ ಕೈಯಾರೆ ಕೊಟ್ರೆ ಸರಿಯಾಗೇ ಹೋಗುತ್ತೆ. ಲ್ಯಾಪ್‌ಟಾಪಲ್ಲೇ ಮಾಡಿದ್ದಕ್ಕೆ ಬಚಾವ್.

ಹುಬ್ಳಿಕ್ರಾನ್:
ಪಾತ್ ಬರೋಬ್ಬರಿ ಐತ್ರಿ, ಎಡವಟ್ಟಾಗಿದ್ದು ಎನ್ವಿರಾನ್‌ಮೆಂಟ್ ವೇರಿಯಬಲ್‌ದಾಗ. ಅಡ್ಮಿನ್ ಆ್ಯಪ್ ತನ್ನ ಡಾಟ್ ಎನ್ವ್ (ಸೆಟ್ಟಿಂಗ್ ಇರೋ ಫೈಲು) ಓದಿ ಡಿಬಿ_ಡೇಟಾಬೇಸ್ ಎಲ್ಲಾ ಎನ್ವಿರಾನ್‌ಮೆಂಟ್‌ಗೆ ಹಾಕಿರ್ತದ, ಅದರಿಂದ ಹುಟ್ಟಿದ ಪ್ರೋಸೆಸ್ಸಿಗೆ ಅದೆಲ್ಲಾ ಹಂಗ ಬರ್ತದ. ಬಿಲ್ಲಿಂಗ್ ತನ್ನ ಡಾಟ್ ಎನ್ವ್ ಓದೂ ಹೊತ್ತಿಗೆ ಆ ಹೆಸರು ಮೊದಲೇ ಇದ್ರ ಅದನ್ನ ಮುಟ್ಟೂದಿಲ್ಲ, ಲಾರಾವೆಲ್ ಇರೋದೇ ಹಂಗ. ಯೂಸರ್ಸ್ ಟೇಬಲ್ ಆಗ್ಲೇ ಐತಿ ಅಂತ ಯಾಕ ಬೈಲಿಲ್ಲ ಅಂದ್ರ ಎರಡೂ ಆ್ಯಪ್‌ದಾಗ ಆ ಮೈಗ್ರೇಶನ್ ಫೈಲಿನ ಹೆಸರು ಒಂದೇ, ಆಗ್ಲೇ ಓಡೇತಿ ಅಂತ ಸುಮ್ನ ದಾಟಿ ಹೋಗೇತಿ ನೋಡ್ರಿ.
ಪ್ರೋಸೆಸ್‌ಗೆ ಎನ್ವ್ ಅರೇದಾಗ ಡಿಬಿ_ಡೇಟಾಬೇಸ್‌ಗೆ ಫಾಲ್ಸ್ ಅಂತ ಕೊಡ್ರಿ. ಖಾಲಿ ಸ್ಟ್ರಿಂಗ್ ಅಲ್ಲ ಮತ್ತ, ಫಾಲ್ಸ್ ಕೊಟ್ರ ಮಾತ್ರ ಆ ವೇರಿಯಬಲ್ ತೆಗೆದು ಹಾಕ್ತದ.

ಬೆಣ್ಣೆದೋಸೆ_ಡೆವ್:
ಮೇಲಿನವರು ಹೇಳಿದ್ದು ಕರೆಕ್ಟು. ಇದು ಇನ್ನೂ ತಲೆ ತಿನ್ನೋದು ಯಾವಾಗ ಅಂದ್ರೆ, ಲೈವ್ ಸರ್ವರ್‌ನಲ್ಲಿ ಅಡ್ಮಿನ್‌ಗೆ ಕಾನ್ಫಿಗ್ ಕ್ಯಾಶ್ ಮಾಡಿದ್ರೆ (ಸೆಟ್ಟಿಂಗ್ ಎಲ್ಲ ಮೊದಲೇ ಒಂದು ಫೈಲಲ್ಲಿ ಕೂಡಿಸಿಟ್ರೆ) ಅದು ಡಾಟ್ ಎನ್ವ್ ಓದೋದೇ ಇಲ್ಲ, ಹಾಗಾಗಿ ಸೋರಿಕೆನೂ ಇಲ್ಲ, ಅಲ್ಲಿ ಎಲ್ಲ ಸರಿ ಇಲ್ಲಿ ಎಲ್ಲ ಗೋತಾ. ನಾನು ಇದಕ್ಕೇ ಒಂದಿಡೀ ಶನಿವಾರ ಕೂತಿದ್ದೆ. ಪೈಥಾನ್‌ನ ಜ್ಯಾಂಗೋ ಫ್ರೇಮ್‌ವರ್ಕಲ್ಲೂ ಇದೇ ಕಾಯಿಲೆ, ಮ್ಯಾನೇಜ್ ಡಾಟ್ ಪೈ ಒಳಗಿರೋದು ಸೆಟ್‌ಡೀಫಾಲ್ಟ್ (ಮೊದಲೇ ಇದ್ರೆ ಮುಟ್ಟಲ್ಲ), ಹಾಗಾಗಿ ಓಡಿಸಿದ ಆ್ಯಪ್‌ನ ಸೆಟ್ಟಿಂಗ್ಸ್ ಮಾಡ್ಯೂಲೇ ಗೆಲ್ಲುತ್ತೆ.
ಇನ್ನೊಂದು, ಪ್ರೋಸೆಸ್ ಫಸಾಡ್‌ಗೆ 60 ಸೆಕೆಂಡ್ ಟೈಮ್‌ಔಟ್ ಇರುತ್ತೆ, ದೊಡ್ಡ ಮೈಗ್ರೇಶನ್ ಅರ್ಧಕ್ಕೇ ಕಟ್ ಆದ್ರೆ ಬಿಡಿಸೋದು ಕಷ್ಟ. ಬಟನ್ ಒತ್ತಿದ ರಿಕ್ವೆಸ್ಟಲ್ಲೇ ಓಡಿಸ್ಬೇಡಿ, ಹಿನ್ನೆಲೆಯಲ್ಲಿ ಓಡೋ ಕ್ಯೂಗೆ ಹಾಕಿ.

ಅಡ್ಕೆಮೂಟೆ:
ಫಾಲ್ಸ್ ಕೊಟ್ಟೆ, ಸರಿಯಾದ ಡೇಟಾಬೇಸ್‌ಗೇ ಹೋಯ್ತು!! ಆದ್ರೆ ಸೀಡರ್ (ಟೇಬಲ್‌ಗೆ ಶುರುವಿನ ಡೇಟಾ ತುಂಬೋದು) ಓಡಿಸಿದ್ಮೇಲೆ ಬಿಲ್ಲಿಂಗ್ ಓಪನ್ ಮಾಡಿದ್ರೆ ಎನ್‌ಕ್ರಿಪ್ಟ್ ಆದ ಕಾಲಂ ಓದುವಾಗ 'ಮ್ಯಾಕ್ ಇನ್ವ್ಯಾಲಿಡ್' ಅಂತಿದೆಯಲ್ಲ ಇದ್ಯಾಕೆ?

ಹುಬ್ಳಿಕ್ರಾನ್:
ಆ್ಯಪ್_ಕೀ (ಎನ್‌ಕ್ರಿಪ್ಟ್ ಮಾಡೂ ಕೀಲಿ) ಬಿಟ್ರೇನು? ಅಡ್ಮಿನ್ ಕೀಲಿ ಹಾಕಿ ಬೀಗ ಜಡದು ಬಿಲ್ಲಿಂಗ್ ಕೀಲಿಲೇ ತೆಗೀತೀನಂದ್ರ ಹೆಂಗ್ರಿ. ಒಂದೊಂದ ಹೆಸರು ಬರಕೋಂತ ಕೂಡಬ್ಯಾಡ್ರಿ, ಅಡ್ಮಿನ್ ಡಾಟ್ ಎನ್ವ್‌ದಾಗ ಇರೋ ಹೆಸರೆಲ್ಲಾ ಲೂಪ್‌ನ್ಯಾಗ ತಗೊಂಡು ಫಾಲ್ಸ್ ಮಾಡ್ರಿ.

ಅಡ್ಕೆಮೂಟೆ:
ಅಯ್ಯೋ ಹೌದು 🤦 ಲೂಪ್ ಹಾಕ್ದೆ, ಡೇಟಾ ಅಳಿಸಿ ಮತ್ತೆ ಸೀಡ್ ಮಾಡಿದ್ಮೇಲೆ ಸರಿಹೋಯ್ತು. ಥ್ಯಾಂಕ್ಸ್ ಇಬ್ರಿಗೂ, ಕ್ಯೂ ನಾಳೆ ನೋಡ್ತೀನಿ.