‘ನಾಕೌಟ್ ಇಲಿ’ಗೆ ‘ಲೋಪ’ ಸಲ್ಲುತ್ತದೆಯೇ?

ಬಳಗದವರಿಗೆ ನಮಸ್ಕಾರ.

ಕುಲಾಂತರಿ ಇಲಿಗಳನ್ನು ತಯಾರಿಸುವ ಬೆಂಗಳೂರಿನ ಒಂದು ಪ್ರಯೋಗಾಲಯದ ಉಸ್ತುವಾರಿ ಮುಗಿಸಿ ಉಡುಪಿಗೆ ಮರಳಿದ್ದೇನೆ. ಇಲಿ ಸಾಕುವ ಸಿಬ್ಬಂದಿಗಾಗಿ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಪಂಜರ ತೊಳೆಯುವುದು, 21ನೇ ದಿನ ಮರಿಗಳನ್ನು ತಾಯಿಯಿಂದ ಬೇರ್ಪಡಿಸುವುದು, ಚೀಟಿ ಬರೆಯುವುದು ಎಲ್ಲ ಸಲೀಸಾಗಿ ಬಂತು. ‘ನಾಕೌಟ್’ಗೆ ಕನ್ನಡ ಪದ ಸಿಗದೆ ಪೆನ್ನು ನಿಂತಿದೆ.

ಗೊತ್ತುಮಾಡಿದ ಒಂದು ಜೀನು (ವಂಶವಾಹಿ) ಕೆಲಸ ಮಾಡದಂತೆ ಕೆಡಿಸಿ ಹುಟ್ಟಿಸಿದ ಇಲಿ ಇದು. 1989ರಲ್ಲಿ ಮೊದಲು ಬಂತು. ದಾರಿ ತೋರಿದ ವಿಜ್ಞಾನಿಗಳಾದ ಕಪೆಕಿ, ಎವನ್ಸ್, ಸ್ಮಿಥೀಸ್ ಮೂವರಿಗೂ 2007ರ ನೊಬೆಲ್ ಸಿಕ್ಕಿತು. ಹೆಸರನ್ನು ಹಾಗೇ ಇಡೋಣವೆಂದರೆ ನಮ್ಮ ಕರಾವಳಿಯಲ್ಲಿ ನಾಕೌಟ್ ಅಂದರೆ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟದ ಬ್ಯಾನರ್. ಸೋತವರು ಮನೆಗೆ. ಈ ಇಲಿ ಹಾಗಲ್ಲ, ಎಷ್ಟೋ ಸಲ ಏನೂ ಆಗದಂತೆ ತಿಂದುಕೊಂಡು ಓಡಾಡಿಕೊಂಡಿರುತ್ತದೆ. ‘ಜೀನ್‌ರಹಿತ’ ಅಂತೂ ಶುದ್ಧ ತಪ್ಪು. 20 ಸಾವಿರಕ್ಕೂ ಮಿಕ್ಕ ಜೀನುಗಳಲ್ಲಿ ಹೋದದ್ದು ಒಂದೇ ಒಂದು.

ಆಗ ಹೈಸ್ಕೂಲಿನ ಸಂಧಿಪಾಠ ನೆನಪಾಯಿತು. ಊರು, ಅಲ್ಲಿ ಸೇರಿ ‘ಊರಲ್ಲಿ’ ಆಗುವಾಗ ಉಕಾರ ಬಿದ್ದುಹೋದರೂ ಪದ ನಿಲ್ಲುತ್ತದಲ್ಲ, ಅದು ಲೋಪ. ಹೊಸದನ್ನು ಸೇರಿಸಿದ ನಾಕ್‌ಇನ್ ಇಲಿ ಆಗಮ, ‘ಮನೆಯನ್ನು’ ಎಂಬಲ್ಲಿ ಯಕಾರ ಬಂದಂತೆ. ಜೀನಿನ ಒಂದಕ್ಷರ ತೆಗೆದು ಅದೇ ಜಾಗಕ್ಕೆ ಇನ್ನೊಂದು ಕೂರಿಸಿದ ಇಲಿ ಆದೇಶ, ‘ಮಳೆಗಾಲ’ದಲ್ಲಿ ಕಕಾರ ಗಕಾರವಾದಂತೆ. ಮೂರು ಬಗೆಯ ಇಲಿ, ಮೂರು ಸಿದ್ಧ ಪದ! ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಕರಡನ್ನು ಪರಿಚಯದ ಪ್ರಾಣಿಗೃಹದ ಸಿಬ್ಬಂದಿಯೊಬ್ಬರಿಗೆ ತೋರಿಸಿದೆ. “ಇದು ಯಾರ ಲೋಪ ಮಾರಾಯ್ರೆ, ಇಲಿಯದ್ದೋ ನಮ್ಮದೋ?” ಎಂದರು. ಕರ್ತವ್ಯಲೋಪದ ನೋಟಿಸು ಕಂಡವರಿಗೆ ಲೋಪ ಎಂದರೆ ಅದೇ. ‘ಆದೇಶದ ಇಲಿ’ಯಂತೂ ಸರ್ಕಾರಿ ಸುತ್ತೋಲೆ ಹಿಡಿದು ಬಂದ ಹಾಗಿದೆ.

ಆದರೂ ಬಿಡಲು ಮನಸ್ಸಿಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಜೀನಿಗೆ ಎರಡು ಪ್ರತಿ. ಒಂದು ಪ್ರತಿ ಮಾತ್ರ ಕೆಟ್ಟ ಗಂಡುಹೆಣ್ಣನ್ನು ಕೂಡಿಸಿದರೆ ಸರಾಸರಿ ಎಂಟು ಮರಿಗಳಲ್ಲಿ ಎರಡಕ್ಕೆ ಎರಡೂ ಪ್ರತಿ ಹೋಗಿರುತ್ತದೆ. ಕಣ್ಣಿಗೆ ಎಲ್ಲವೂ ಒಂದೇ ಕಪ್ಪು. ಕಿವಿಯ ಚೂರು ಪಿಸಿಆರ್ (ಡಿಎನ್‌ಎ ಪರೀಕ್ಷೆ) ಮುಗಿಸಿ ಬಂದ ಮೇಲೆ ಚೀಟಿಯಲ್ಲಿ ‘ಅರೆಲೋಪ’, ‘ಪೂರ್ಣಲೋಪ’ ಎಂದು ಬರೆದರೆ ಗೊಂದಲವಿಲ್ಲ. ಇವೆರಡು ಅದಲುಬದಲಾಗಿ ನನ್ನ ಏಳು ತಿಂಗಳ ಕೆಲಸ ಒಮ್ಮೆ ನೀರುಪಾಲಾಗಿದೆ.

ಇನ್ನೊಂದು ಪದವೂ ಬೇಕು. ತಿದ್ದಿದ ಭ್ರೂಣವನ್ನು ಹೊತ್ತು ಹೆತ್ತು ಹಾಲೂಡುವ ಇಲಿಗೆ ಏನೆನ್ನಲಿ? ‘ಬಾಡಿಗೆ ತಾಯಿ’ ಎನ್ನಲು ಬಾಡಿಗೆ ಕೊಟ್ಟವರಾರು? ‘ಸಾಕುತಾಯಿ’ ಎಂದರೆ ಈ ಕೃಷ್ಣನೂರಿನಲ್ಲಿ ಯಶೋದೆ ನೆನಪಾಗುತ್ತಾಳೆ, ಅವಳು ಹೆತ್ತವಳಲ್ಲ. ದೇವಕಿಯ ಗರ್ಭ ಹೊತ್ತು ಬಲರಾಮನನ್ನು ಹೆತ್ತವಳು ರೋಹಿಣಿ. (ಪುರಾಣದಲ್ಲೇ ಎಲ್ಲ ಇತ್ತೆಂದು ವಾದಿಸುತ್ತಿಲ್ಲ, ಪದ ಹುಡುಕುತ್ತಿದ್ದೇನೆ ಅಷ್ಟೆ.) ‘ಹೊರುತಾಯಿ’ ಎಂದರೆ ಕಿವಿಗೆ ಒರಟೇ?

ಪಂಜರದ ಚೀಟಿ ಅಂಗೈಗಿಂತ ಸಣ್ಣದು. ಐದಾರು ಅಕ್ಷರ ಮೀರದ ಪದಗಳನ್ನೇ ಕಳಿಸಿ.