ಲಾರಿ ಫೀಡ್ ಪಂಪ್ ಬದಲಿಸುವಾಗ ಡೀಸೆಲ್ ಚೆಲ್ಲದಿರಲು ಏನು ಮಾಡಬೇಕು? (ಪ್ರಶ್ನೋತ್ತರ)

ಶಿರಾ ಮಾಲೀಕ: ಹಳೆ ಆರು ಸಿಲಿಂಡರ್ ಲಾರಿ. ಇನ್‌ಲೈನ್ ಪಂಪಿನ (ಸಿಲಿಂಡರುಗಳಿಗೆ ಡೀಸೆಲ್ ಒತ್ತುವ ದೊಡ್ಡ ಪಂಪು) ಪಕ್ಕದ ಫೀಡ್ ಪಂಪ್ (ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಚಿಕ್ಕ ಪಂಪು) ಬದಲಿಸಬೇಕು. ಹೋದ ಸಲ ಬೆಲ್ಟು, ಸ್ಟಾರ್ಟರ್ ಎಲ್ಲ ಡೀಸೆಲ್‌ನಲ್ಲಿ ನೆಂದುಹೋದವು. ಚೆಲ್ಲದೆ ಮಾಡುವುದು ಹೇಗೆ?

ಪಂಪ್ ಮೇಸ್ತ್ರಿ: ಬಿಚ್ಚುವ ಮೊದಲೇ ಸುತ್ತ ಬ್ರಷ್ ಹಾಕಿ ತೊಳೆದು ಒರೆಸಿ. ಸ್ಟಾರ್ಟರ್, ಬೆಲ್ಟಿಗೆ ಪ್ಲಾಸ್ಟಿಕ್ ಹೊದಿಸಿ. ಹಳೆ ಆಯಿಲ್ ಕ್ಯಾನನ್ನು ಅಡ್ಡ ಕತ್ತರಿಸಿ ಪಂಪಿನ ಕೆಳಗೆ ತೂರಿಸಿ. ಟ್ಯಾಂಕಿಗೆ ಕಾಕ್ ಇದ್ದರೆ ಮುಚ್ಚಿ. ಇಲ್ಲದಿದ್ದರೆ ಬಿಚ್ಚಿದ ಪೈಪಿನ ಕಣ್ಣಿಗೆ ಅದೇ ಅಳತೆಯ ಬೋಲ್ಟ್ ತೂರಿಸಿ, ಎರಡೂ ಕಡೆ ವಾಷರ್ ಇಟ್ಟು ನಟ್ ಬಿಗಿಯಿರಿ. ಜೋಡಿಸುವಾಗ ತಾಮ್ರದ ವಾಷರ್ ಹೊಸದೇ ಹಾಕಿ. ಪೈಪಿನಲ್ಲಿ ಸಿಕ್ಕ ಗಾಳಿ ತೆಗೆಯುವಾಗಲೇ ಜಾಸ್ತಿ ಚೆಲ್ಲುವುದು. ಫಿಲ್ಟರಿನ ಬ್ಲೀಡ್ ಸ್ಕ್ರೂ ಸುತ್ತ ಬಟ್ಟೆ ಸುತ್ತಿ, ಕೈಪಂಪ್ ನಿಧಾನ ಒತ್ತಿ. ಗುಳ್ಳೆ ನಿಂತ ಕೂಡಲೇ ಮುಚ್ಚಿ.

ಬಳ್ಳಾರಿ ಸದಸ್ಯ: ರೀಕಂಡೀಷನ್ ಪಂಪ್ ತಗೋಬಹುದಾ?

ಚಿತ್ರದುರ್ಗ ಚಾಲಕ: ನನಗೆ ಬಂದ ಫಾರ್ವರ್ಡ್: "ಟ್ಯಾಂಕಿಗೆ ಅರ್ಧ ಲೀಟರ್ ಪೆಟ್ರೋಲ್ ಹಾಕಿ, ಪಂಪ್ ಕ್ಲೀನ್. ಲೀಕ್ ಇದ್ದರೆ ಮೈಸೋಪು ಹಚ್ಚಿ."

ಪಂಪ್ ಮೇಸ್ತ್ರಿ: ಪೆಟ್ರೋಲ್ ಹಾಕಬೇಡಿ. ದೊಡ್ಡ ಪಂಪಿನ ಪ್ಲಂಜರಿಗೆ (ಒಳಗೆ ಮೇಲೆ ಕೆಳಗೆ ಆಡಿ ಡೀಸೆಲ್ ಒತ್ತುವ ಕಡ್ಡಿ) ಡೀಸೆಲ್ಲೇ ಎಣ್ಣೆ. ಸೋಪು ಕರಗಿ ಒಳಗೆ ಹೋದರೆ ಫಿಲ್ಟರ್ ಕಟ್ಟುತ್ತದೆ. ಇಂಥದ್ದನ್ನು ಇಲ್ಲಿ ಹಾಕುವ ಮುನ್ನ ಒಮ್ಮೆ ಕೇಳಿ.

ದಾವಣಗೆರೆ ಮಾಲೀಕ: ಮೇಸ್ತ್ರಿ, ನಾನು ಫೀಡ್ ಪಂಪ್ ಹಾಕಿಸಿದ ಮೇಲೆ ಎಂಜಿನ್ ಆಯಿಲ್ ಕಮ್ಮಿಯಾಗುವ ಬದಲು ಜಾಸ್ತಿ ಆಗ್ತಿದೆ. ಡಿಪ್‌ಸ್ಟಿಕ್‌ನಲ್ಲಿ ಮೇಲಿನ ಗೆರೆ ದಾಟಿದೆ. ಒಳ್ಳೆಯದೇ ಅಲ್ವಾ?

ಪಂಪ್ ಮೇಸ್ತ್ರಿ: ಒಳ್ಳೆಯದಲ್ಲ. ಎಂಜಿನ್ ಚಾಲೂ ಮಾಡಲೇಬೇಡಿ. ಆಯಿಲಿಗೆ ಡೀಸೆಲ್ ಸೇರುತ್ತಿದೆ. ಫೀಡ್ ಪಂಪಿನ ಸ್ಪಿಂಡಲ್ (ಒಳಗೆ ಆಡುವ ಕಡ್ಡಿ) ಸವೆದಿದ್ದರೆ ಡೀಸೆಲ್ ಅದರ ಸಂದಿಯಿಂದ ದೊಡ್ಡ ಪಂಪಿನ ಕ್ಯಾಮ್ ಬಾಕ್ಸಿಗೆ (ಕೆಳಗಿನ ಆಯಿಲ್ ಇರುವ ಭಾಗ) ಇಳಿಯುತ್ತದೆ. ಎಂಜಿನ್ ಆಯಿಲೇ ಓಡಾಡುವ ಪಂಪಾದರೆ ಅಲ್ಲಿಂದ ನೇರ ಸಂಪಿಗೆ (ಎಂಜಿನ್ ತಳದ ಆಯಿಲ್ ತೊಟ್ಟಿ) ಬರುತ್ತದೆ. ದೊಡ್ಡ ಪಂಪಿನ ಪ್ಲಂಜರ್ ಸವೆದರೂ ಹೀಗೇ.

ಡಿಪ್‌ಸ್ಟಿಕ್‌ನಿಂದ ಒಂದು ಹನಿ ಬಿಳಿ ಕಾಗದದ ಮೇಲೆ ಬಿಡಿ, ಸ್ವಲ್ಪ ಹೊತ್ತು ಕಾಯಿರಿ. ನಡುವೆ ಕಪ್ಪು ಕಲೆ ಉಳಿದು, ಸುತ್ತ ತೆಳು ಉಂಗುರ ಹರಡಿದರೆ ಡೀಸೆಲ್ ಇದೆ ಎಂದೇ ತಿಳಿಯಿರಿ. ವಾಸನೆಯೂ ಹೇಳುತ್ತದೆ. ತೆಳುವಾದ ಆಯಿಲ್ ಬೇರಿಂಗ್ ಕಾಯುವುದಿಲ್ಲ. ಸಂಪ್ ತುಂಬಿ ಆಯಿಲ್ ಗಾಳಿಯ ದಾರಿಗೆ ಬಂದರೆ ಎಂಜಿನ್ ತಾನೇ ಓಡುತ್ತದೆ, ಸ್ಟಾಪ್ ಎಳೆದರೂ ನಿಲ್ಲುವುದಿಲ್ಲ. ಆಗ ಗಾಳಿ ಒಳಗೆ ಹೋಗುವ ಬಾಯಿಗೆ ಹಲಗೆ ಒತ್ತಬೇಕು. ಕೈ ಇಡಬೇಡಿ.

ಹುಬ್ಬಳ್ಳಿ ಮೆಕ್ಯಾನಿಕ್: ಗಾಳಿ ತೆಗೆಯಲು ಇಂಜೆಕ್ಟರ್ ನಟ್ ಸಡಿಲಿಸಿ ಸೆಲ್ಫ್ ಹೊಡೆದರೆ ಸಾಕು. ಯಾವ ಲಾರಿಯಾದರೂ ಸರಿ.

ತುಮಕೂರು ಸದಸ್ಯ: ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಲ್ಲಿ ಮಾಡಿ ನೋಡಿ, ಗೊತ್ತಾಗುತ್ತೆ.

ಹುಬ್ಬಳ್ಳಿ ಮೆಕ್ಯಾನಿಕ್: ನೀವು ಸ್ಪ್ಯಾನರ್ ಹಿಡಿದದ್ದು ಯಾವಾಗ?

ತುಮಕೂರು ಸದಸ್ಯ: ನಿಮ್ಮ ಮಾತು ಕೇಳಿ ಯಾರದೋ ಕೈ ಹೋಗೋದು ಬೇಡ ಅಂತ ಹೇಳಿದ್ದು.

ಪಂಪ್ ಮೇಸ್ತ್ರಿ: ತುಮಕೂರಿನವರು ಹೇಳಿದ್ದೇ ಸರಿ. ಅಂಥ ಗಾಡಿಯ ಕಾಮನ್ ರೈಲ್‌ನಲ್ಲಿ (ಎಲ್ಲ ಇಂಜೆಕ್ಟರಿಗೂ ಡೀಸೆಲ್ ಕೊಡುವ ಒಂದೇ ಪೈಪು) 1,600 ಬಾರ್‌ವರೆಗೆ, ಕೆಲವದರಲ್ಲಿ ಅದಕ್ಕಿಂತ ಜಾಸ್ತಿ ಒತ್ತಡ. ಆ ನಟ್ ಮುಟ್ಟಬೇಡಿ. ಸೂಜಿಮೊನೆಯಷ್ಟು ಡೀಸೆಲ್ ಚರ್ಮದೊಳಗೆ ಹೊಕ್ಕರೂ, ನೋವಿಲ್ಲದಿದ್ದರೂ, ತಕ್ಷಣ ಆಸ್ಪತ್ರೆಗೆ ಹೋಗಿ. ಅರಿಶಿನ ಮೆತ್ತಿ ಕೂರಬೇಡಿ.

ಹಾಸನ ಚಾಲಕ: ಚೆಲ್ಲದೆ ಪಂಪ್ ಬಿಚ್ಚುವುದು ಹೇಗೆ ಸಾರ್?

ಪಂಪ್ ಮೇಸ್ತ್ರಿ: ಮೇಲೆ ಬರೆದಿದ್ದೇನೆ.

ಚಿತ್ರದುರ್ಗ ಚಾಲಕ: ಚೆಲ್ಲಿದ್ದನ್ನು ಚರಂಡಿಗೆ ತೊಳೆದುಬಿಡಿ. ಸೊಳ್ಳೆಯೂ ಸಾಯುತ್ತೆ.

ಶಿರಾ ಮಾಲೀಕ: ಚರಂಡಿ ನಮ್ಮೂರ ಕೆರೆಗೇ ಸೇರುವುದು ಸ್ವಾಮಿ. ನಿಮ್ಮೂರಲ್ಲಿ ಹೇಗೋ.

ಪಂಪ್ ಮೇಸ್ತ್ರಿ: ಮರದ ಹೊಟ್ಟು ಹಾಕಿ, ಹೀರಿದ ಮೇಲೆ ಗುಡಿಸಿ ಡಬ್ಬಕ್ಕೆ ತುಂಬಿ. ನೀರು ಬಿಡಬೇಡಿ. ಫಾರ್ವರ್ಡ್ ಸಾಕು, ಇದು ಎರಡನೇ ಸಲ ಹೇಳುತ್ತಿರುವುದು.

ಬಳ್ಳಾರಿ ಸದಸ್ಯ: ರೀಕಂಡೀಷನ್ ಪಂಪ್ ಬಗ್ಗೆ ಯಾರೂ ಹೇಳಲಿಲ್ಲ.

ದಾವಣಗೆರೆ ಮಾಲೀಕ: ಉಂಗುರ ಬಂತು ಮೇಸ್ತ್ರಿ. ಆದರೆ ಈರುಳ್ಳಿ ಲೋಡ್ ಆಗಿದೆ, ಬೆಳಗ್ಗೆ ಯಶವಂತಪುರದಲ್ಲಿರಬೇಕು. ಇಳಿಸಿ ಬಂದ ಮೇಲೆ ಮಾಡಿಸಲಾ?

ಪಂಪ್ ಮೇಸ್ತ್ರಿ: ಬೇಡ. ಬೇರೆ ಲಾರಿಗೆ ಲೋಡ್ ಬದಲಿಸಿ. ಫೀಡ್ ಪಂಪ್ ಬಿಚ್ಚಿ ಸ್ಪಿಂಡಲ್ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಆಡುತ್ತಿದ್ದರೆ ನನಗೆ ಫೋಟೋ ಕಳಿಸಿ, ಎಷ್ಟು ಹೊತ್ತಾದರೂ ಸರಿ.