ಮೇಯರ್ಸ್ ಮ್ಯಾಂಕ್ಸ್ ಥರದ ಬಗ್ಗಿ ಗಾಡಿ ನಮ್ಮ ಎರಿ ಮಣ್ಣಾಗ ನಡೀತದೇನ್ರಿ?

ಕಲಬುರಗಿ_ಮೆಕ್ಯಾನಿಕಲ್
ಕಾಲೇಜ್ ಪ್ರಾಜೆಕ್ಟಿಗೆ ಬ್ರೂಸ್ ಮೇಯರ್ಸ್ ಅವರ 'ಮೇಯರ್ಸ್ ಮ್ಯಾಂಕ್ಸ್' ಅನ್ನೋ, ಮರಳಿನಾಗ ಓಡೋ ಹಗುರ ಗಾಡಿ ಆರಿಸೀವ್ರಿ. ಫೈಬರ್ ದೋಣಿ ಮಾಡ್ತಿದ್ದವರು ಫೋರ್‌ವೀಲ್ ಡ್ರೈವ್ ಇಲ್ಲದ ಗಾಡಿ ತಗೊಂಡು ಮರುಭೂಮಿ ರೇಸಿಗೆ ಹ್ಯಾಂಗ ಇಳಿದ್ರು? ಏಪ್ರಿಲ್ ಬಿಸಿಲಾಗ ಇಲ್ಲೇ ಶೆಡ್ಡಿನಾಗ ಅಂಥ ಬಾಡಿ ತೆಗೀಬಹುದೇನ್ರಿ?

ಹಳೇ_ಬೀಟಲ್
ದೋಣಿ ಕೆಲಸವೇ ಅವರ ಬಲ. 1964ರಲ್ಲಿ ಮಾಡಿದ ಮೊದಲ ಗಾಡಿ 'ಓಲ್ಡ್ ರೆಡ್'ಗೆ ಚಾಸಿಯೇ ಇರಲಿಲ್ಲ. ಸಸ್ಪೆನ್ಷನ್ನಿನ ಭಾರವನ್ನೂ ಫೈಬರ್ ತೊಟ್ಟಿಯೇ ಹೊತ್ತಿತ್ತು. ಅಂಥವು 12 ಆದ ಮೇಲೆ, ದುಬಾರಿ ಅಂತ, ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಚಾಸಿಯನ್ನು 14¼ ಇಂಚು ಕತ್ತರಿಸಿ ಮೇಲೆ ಬಾಡಿ ಕೂರಿಸುವ ಕಿಟ್ ತಂದರು. ಇಂಜಿನ್ ಹಿಂದಿನ ಆಕ್ಸಲ್ಲಿನ ಆಚೆಗಿದೆ, ಹಾಗಾಗಿ ಎಳೆಯುವ ಗಾಲಿ ಮೇಲೆಯೇ ತೂಕ ಬೀಳುತ್ತದೆ. ಗಾಳಿಯಿಂದ ತಣಿಯುವ ಇಂಜಿನ್, ರೇಡಿಯೇಟರ್ ಒಡೆಯುವ ಭಯವಿಲ್ಲ. 1967ರ ಏಪ್ರಿಲ್‌ನಲ್ಲಿ ಮೇಯರ್ಸ್ ಮತ್ತು ಟೆಡ್ ಮ್ಯಾಂಗೆಲ್ಸ್ ಮೆಕ್ಸಿಕೋದ ಲಾ ಪಾಸ್‌ನಿಂದ ತಿಹ್ವಾನಾಗೆ 34 ಗಂಟೆ 45 ನಿಮಿಷದಲ್ಲಿ ತಲುಪಿ, ಅದೇ ದಾರಿಯ ಬೈಕ್ ದಾಖಲೆಯನ್ನು 5 ಗಂಟೆಗೂ ಹೆಚ್ಚು ಅಂತರದಿಂದ ಮುರಿದರು. ಅದೇ ವರ್ಷ ನಡೆದ ಮೊದಲ 'ಮೆಕ್ಸಿಕನ್ 1000' ಮರುಭೂಮಿ ರೇಸ್ ಗೆದ್ದದ್ದೂ ಮ್ಯಾಂಕ್ಸೇ. ನನ್ನ ಪ್ರಕಾರ ಅವರ ದೊಡ್ಡತನ ಇಲ್ಲಿದೆ: ತಾವು ಗೆರೆ ಎಳೆದ ಗಾಡಿಯನ್ನು ತಾವೇ ಕೂತು ಪರೀಕ್ಷೆ ಮಾಡಿದರು.

ರೆಸಿನ್_ಕೆಲಸ_ಬೀದರ್
ಬೆಳಿಗ್ಗೆ 8ರ ಒಳಗ ಕೆಲಸ ಮುಗಿಸ್ರಿ. 40 ಡಿಗ್ರಿ ಶೆಡ್ಡಿನಾಗ ಪಾಲಿಯೆಸ್ಟರ್ ರೆಸಿನ್ ಬಕೀಟಿನಾಗೇ ಕಲ್ಲಾಗ್ತದ. ಒಂದು ಸಲಕ್ಕ ಅರ್ಧ ಕಿಲೋ, ಹಾರ್ಡನರ್ (ಅದನ್ನ ಗಟ್ಟಿ ಮಾಡೋ ದ್ರಾವಣ) 5 ಮಿಲಿ ಸಾಕು. ಇನ್ನೂ ಕಡಿಮಿ ಮಾಡಿದ್ರ ಒಣಗಂಗಿಲ್ಲ, ಅಂಟಂಟಾಗೇ ಉಳೀತದ. ಚದರ ಮೀಟರಿಗೆ 450 ಗ್ರಾಂ ತೂಗೋ ಗಾಜಿನ ನಾರಿನ ಮ್ಯಾಟ್ ಹಾಕ್ರಿ. 1 ಕಿಲೋ ಮ್ಯಾಟಿಗೆ ಎರಡೂವರಿ ಕಿಲೋ ರೆಸಿನ್. ಒಂದೇ ದಿನ ಮೂರು ಪದರಿನ ಮ್ಯಾಲ ಹೋಗಬ್ಯಾಡ್ರಿ, ಕಾದು ಬಾಡಿ ಸೊಟ್ಟ ಆಗ್ತದ. ಹಾರ್ಡನರ್, ಕೋಬಾಲ್ಟ್ (ಗಟ್ಟಿಯಾಗೋದನ್ನ ಚುರುಕು ಮಾಡೋ ದ್ರಾವಣ) ಎರಡನ್ನೂ ನೇರ ಕೂಡಿಸಬ್ಯಾಡ್ರಿ, ಸಿಡೀತದ. ಮೊದಲು ಕೋಬಾಲ್ಟ್ ರೆಸಿನ್ನಿಗೆ ಹಾಕಿ ಕಲಸ್ರಿ, ಆಮ್ಯಾಲ ಹಾರ್ಡನರ್.

ಎರಿಹೊಲ_ಯಾದಗಿರಿ
ಮರಳಿನ ಲೆಕ್ಕ ನಮ್ಮಲ್ಲಿ ನಡ್ಯಂಗಿಲ್ಲ. ಹಸಿ ಎರಿ ಮಣ್ಣು ಟೈರಿನ ಕಟ್ಟಿನಾಗ ತುಂಬಿ, ಮಡ್‌ಗಾರ್ಡಿಗೆ ಮೆತ್ತಿ, ಗಾಲಿ ತಿರಗದಂಗ ಹಿಡೀತದ. ಟೈರ್, ಮಡ್‌ಗಾರ್ಡ್ ನಡುವ 4 ಇಂಚಾದ್ರೂ ಸಂದಿ ಬಿಡ್ರಿ, ಟ್ರ್ಯಾಕ್ಟರಿನಂಗ ಕಟ್ಟು ದೂರ ದೂರ ಇರೋ ಟೈರ್ ಹಾಕ್ರಿ. ಮರಳಿನಾಗ ಗಾಳಿ ಇಳಿಸೋದು ಸರಿ. ಶಹಾಬಾದ್ ಕಲ್ಲಿನ ಕಡಿ ಹಾಗ ಮಾಡಿದ್ರ ಟೈರಿನ ಪಕ್ಕ ಉಬ್ಬಿ, ಕಲ್ಲಿನ ಅಂಚು ಸೀಳ್ತದ. ಬೀಟಲ್ ಸಿಗಲಿಲ್ಲಂದ್ರ ಮಾರುತಿ 800 ಇಂಜಿನ್, ಗೇರ್‌ಬಾಕ್ಸ್ ಜೋಡಿ ಹಿಂದ ಕೂಡಿಸ್ರಿ, ರೇಡಿಯೇಟರ್ ಮಾತ್ರ ಕೆಸರು ಸಿಡೀದಷ್ಟು ಎತ್ತರಕ್ಕಿರಲಿ. ರೋಲ್ ಕೇಜ್ (ಪಲ್ಟಿ ಆದ್ರ ಕೂತವರನ್ನ ಕಾಯೋ ಪೈಪಿನ ಚೌಕಟ್ಟು) ಕಾಲು ಚಾಸಿಗೇ ಬೆಸೀರಿ. ಫೈಬರಿಗೆ ಬೋಲ್ಟ್ ಹಾಕಿದ್ರ ಪಲ್ಟಿ ಆದಾಗ ಕಿತ್ತು ಬರ್ತದ. ರಸ್ತಾಕ್ಕ ಇಳಿಸಬ್ಯಾಡ್ರಿ, ಗಾಡಿ ರೂಪ ಬದಲಿಸೋದನ್ನ ತಡೆಯೋ ಮೋಟಾರು ವಾಹನ ಕಾಯ್ದೆ 52ನೇ ಕಲಂ ಅಡ್ಡ ಬರ್ತದ.

ಕಲಬುರಗಿ_ಮೆಕ್ಯಾನಿಕಲ್
ರೆಸಿನ್ನಿನಾಗ ಕೋಬಾಲ್ಟ್ ಮೊದಲೇ ಹಾಕ್ಯಾರೋ ಇಲ್ಲೋ, ಹ್ಯಾಂಗ ತಿಳೀತದ್ರಿ?

ರೆಸಿನ್_ಕೆಲಸ_ಬೀದರ್
ಹಾಕಿದ್ದು ಸಾಮಾನ್ಯವಾಗಿ ಗುಲಾಬಿ ಛಾಯಾ ಇರ್ತದ. ಖಾತ್ರಿ ಬೇಕಂದ್ರ 100 ಗ್ರಾಮಿಗೆ 1 ಮಿಲಿ ಹಾರ್ಡನರ್ ಹಾಕಿ ನೋಡ್ರಿ. ಆ ಬಿಸಿಲಿಗೆ ಅರ್ಧ ತಾಸಿನಾಗ ಗಟ್ಟಿ ಆದ್ರ ಕೋಬಾಲ್ಟ್ ಅದ ಅಂತ ತಿಳೀರಿ, ಮತ್ತ ಹಾಕಬ್ಯಾಡ್ರಿ.